ಅರ್ಥ ಆಗ್ತದೆ, ಮಾತಾಡೋಕೆ ಬರಲ್ಲ: ಕೊಡವ ತಕ್ಕ್ ಮನೆಯೊಳಗೇ ಕಡಿಮೆ ಆಗ್ತಿರೋದು ಯಾಕೆ?

ಮಡಿಕೇರಿ: ಪುತ್ತರಿ ಬಂತೆಂದರೆ ಐನ್‌ಮನೆ ತುಂಬುತ್ತದೆ. ಬೆಂಗಳೂರು, ಮೈಸೂರಿನಿಂದ ಬಂದ ಮಕ್ಕಳು ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಅಂತ ಎಲ್ಲರಿಗಿಂತ ಜೋರಾಗಿ ಕೂಗುತ್ತಾರೆ. ಆಮೇಲೆ ಅಜ್ಜಿ ಪಕ್ಕದಲ್ಲಿ ಕೂರಿಸಿಕೊಂಡು ತಕ್ಕ್‌ನಲ್ಲಿ ಏನಾದರೂ ಕೇಳಿದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ಬರುತ್ತದೆ. ಪ್ರಶ್ನೆ ಅರ್ಥವಾಗಿದೆ, ಆದರೆ ಬಾಯಿ ತಿರುಗುತ್ತಿಲ್ಲ. ಅಜ್ಜಿ ನಕ್ಕು ಸುಮ್ಮನಾಗುತ್ತಾರೆ. ಇಲ್ಲವೇ ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿಗೆ ಹೊರಳುತ್ತಾರೆ.

ಜಿಲ್ಲೆಯಲ್ಲಿ ಇದು ಒಂದೆರಡು ಮನೆಯ ಕಥೆ ಅಲ್ಲ. ಯುನೆಸ್ಕೊದ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಕೊಡವ ತಕ್ಕ್ ‘ಖಚಿತವಾಗಿ ಅಪಾಯದಲ್ಲಿರುವ’ ವರ್ಗದಲ್ಲಿದೆ. ಈ ವರ್ಗಕ್ಕೆ ಯುನೆಸ್ಕೊ ಕೊಡುವ ಅರ್ಥ ಸರಳ: ಮಕ್ಕಳು ಮನೆಯಲ್ಲಿ ಅದನ್ನು ಮಾತೃಭಾಷೆಯಾಗಿ ಕಲಿಯುತ್ತಿಲ್ಲ. ಮಾತಾಡುವವರ ಒಟ್ಟು ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಮುಂದಿನ ತಲೆಮಾರಿಗೆ ಅದು ದಾಟುತ್ತಿದೆಯೇ ಅನ್ನುವುದೇ ಇಲ್ಲಿ ಮುಖ್ಯ.

ಜನಗಣತಿಯ ಅಂಕಿಗಳನ್ನು ಹಾಗೇ ನಂಬಿ ಕೂರುವಂತಿಲ್ಲ. ಕೊಡವ ತಕ್ಕ್ ಮಾತೃಭಾಷೆ ಎಂದು ದಾಖಲಾದವರು 1991ರಲ್ಲಿ 97,011 ಮಂದಿ. 2001ರಲ್ಲಿ ಅದು 1,66,187 ಆಯಿತು, 2011ರಲ್ಲಿ ಮತ್ತೆ 1,13,857ಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ 69 ಸಾವಿರ ಏರುವುದು, ಮುಂದಿನ ಹತ್ತರಲ್ಲಿ 52 ಸಾವಿರ ಇಳಿಯುವುದು ಬರೀ ಹುಟ್ಟು ಸಾವಿನಿಂದ ಆಗುವ ಲೆಕ್ಕ ಅಲ್ಲ. ಆ ಕಾಲಂನಲ್ಲಿ ಮನೆಯವರು ಏನು ಹೇಳಿದರು, ಗಣತಿದಾರರು ಏನು ಬರೆದುಕೊಂಡರು ಅನ್ನುವುದೂ ಇದರಲ್ಲಿ ಸೇರಿರುತ್ತದೆ. ಏರಿಳಿತ ಏನೇ ಇರಲಿ, 2011ರಲ್ಲಿ ಕೊಡಗಿನ ಜನಸಂಖ್ಯೆಯೇ 5,54,519 ಇತ್ತು. ದೇಶದ ಎಲ್ಲ ತಕ್ಕ್ ಭಾಷಿಕರೂ ಇಲ್ಲೇ ಇದ್ದಾರೆ ಅಂದುಕೊಂಡರೂ ಅವರು ಜಿಲ್ಲೆಯ ಐದನೇ ಒಂದು ಭಾಗ ಮಾತ್ರ.

ಬೆಂಗಳೂರಿನಲ್ಲಿ ಕನ್ನಡವೂ ಕಷ್ಟದಲ್ಲಿದೆಯಲ್ಲ, ಇದರಲ್ಲೇನು ವಿಶೇಷ ಅಂತ ಕೇಳಬಹುದು. ವ್ಯತ್ಯಾಸ ದೊಡ್ಡದಿದೆ. ಮನೆಯಲ್ಲಿ ಕನ್ನಡ ಬಿಟ್ಟ ಮಗುವಿಗೂ ಶಾಲೆಯ ಪುಸ್ತಕ, ಬಸ್ಸಿನ ಬೋರ್ಡು, ಸಿನಿಮಾ, ಟಿವಿಯಲ್ಲಿ ಕನ್ನಡ ಮತ್ತೆ ಸಿಗುತ್ತದೆ. ಕೊಡವ ತಕ್ಕ್‌ಗೆ ಅಂಥ ಎರಡನೇ ಬಾಗಿಲು ಯಾವತ್ತೂ ಇರಲಿಲ್ಲ. ಹಾಲೇರಿ ಅರಸರ ಕಾಲದಲ್ಲೇ ಆಡಳಿತ ನಡೆದದ್ದು ಕನ್ನಡದಲ್ಲಿ. ಮುಂದೆ ಶಾಲೆಗಳೂ ಕನ್ನಡ, ಇಂಗ್ಲಿಷಿನವೇ ಆದವು. ಅಪ್ಪಚ್ಚ ಕವಿ 1906ರಲ್ಲಿ ಕೊಡವ ನಾಟಕ ಬರೆದರು, ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದರು. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಬಂತು, ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ಕಾರ್ಯಕ್ರಮಗಳೂ ಬರುತ್ತವೆ. ಇವೆಲ್ಲ ದೊಡ್ಡ ಕೆಲಸವೇ. ಆದರೆ ಎರಡು ವರ್ಷದ ಮಗು ಮಾತು ಕಲಿಯೋದು ಅಡುಗೆಮನೆಯಲ್ಲಿ, ಅಕಾಡೆಮಿಯಲ್ಲಿ ಅಲ್ಲ.

ಆ ಅಡುಗೆಮನೆ ಈಗ ಬದಲಾಗಿದೆ. ಒಕ್ಕದವರೆಲ್ಲ ಒಂದೇ ಐನ್‌ಮನೆಯಲ್ಲಿದ್ದಾಗ ಮಗುವಿನ ಸುತ್ತ ಹತ್ತಾರು ಬಾಯಿ ಇರುತ್ತಿತ್ತು. ಈಗ ಫ್ಲಾಟಿನಲ್ಲಿ ಅಪ್ಪ, ಅಮ್ಮ ಇಬ್ಬರೇ. ಅವರಲ್ಲೊಬ್ಬರ ಭಾಷೆ ಬೇರೆಯಾದರಂತೂ ಇಬ್ಬರಿಗೂ ಬರುವ ಇಂಗ್ಲಿಷೋ ಕನ್ನಡವೋ ಮನೆಮಾತಾಗುತ್ತದೆ. ಇಬ್ಬರೂ ಕೊಡವರಾಗಿದ್ದರೂ ನರ್ಸರಿ ಸಂದರ್ಶನದ ಹೆದರಿಕೆಗೆ ‘ಮೊದಲು ಇಂಗ್ಲಿಷ್ ಬರಲಿ, ತಕ್ಕ್ ಆಮೇಲೆ ತಾನಾಗೇ ಬರ್ತದೆ’ ಅನ್ನುವವರಿದ್ದಾರೆ. ತಾನಾಗೇ ಬರೋದಿಲ್ಲ. ಮೊದಲ ಮಗು ಶಾಲೆಗೆ ಹೋಗುವವರೆಗೆ ತಕ್ಕ್ ಮಾತಾಡುತ್ತದೆ, ಹೋದ ಮೇಲೆ ಶಾಲೆಯ ಭಾಷೆಯನ್ನು ಮನೆಗೆ ತರುತ್ತದೆ. ಎರಡನೆಯದು ಅಕ್ಕನ ಜತೆ ಆಡುತ್ತಾ ಆ ಭಾಷೆಯನ್ನೇ ಮೊದಲು ಕಲಿಯುತ್ತದೆ. ಒಂದೇ ಮನೆಯಲ್ಲಿ ಅಕ್ಕನಿಗೆ ತಕ್ಕ್ ಬಂದು ತಮ್ಮನಿಗೆ ಬಾರದಿರೋದು ಹೀಗೆ.

ಕೇಳಿ ಅರ್ಥ ಮಾಡಿಕೊಳ್ಳೋದು ಬೇರೆ, ಮಾತಾಡೋದು ಬೇರೆ. ಕೇಳುವಾಗ ಅರ್ಧ ಪದ ಹಿಡಿದರೂ ಸಂದರ್ಭ ಉಳಿದದ್ದನ್ನು ತುಂಬಿಕೊಡುತ್ತದೆ. ಮಾತಾಡುವಾಗ ಪದ, ಪ್ರತ್ಯಯ, ಉಚ್ಚಾರ ಮೂರೂ ಆ ಕ್ಷಣಕ್ಕೆ ನಾಲಿಗೆಗೆ ಬರಬೇಕು. ಅದಕ್ಕೆ ರೂಢಿ ಬೇಕು. ಜತೆಗೆ ಕನ್ನಡದಲ್ಲಿ ಇಲ್ಲದ ಎರಡು ಸ್ವರಗಳು ತಕ್ಕ್‌ನಲ್ಲಿವೆ, ಹ್ರಸ್ವ ದೀರ್ಘ ಎರಡು ರೂಪದಲ್ಲೂ. ಕನ್ನಡ ಅಕ್ಷರದಲ್ಲಿ ಬರೆದಾಗ ಅವು ಸರಿಯಾಗಿ ಕಾಣೋದಿಲ್ಲ, ಕಿವಿಯಿಂದಲೇ ಕಲಿಯಬೇಕು. ದೊಡ್ಡವರಾದ ಮೇಲೆ ಕಲಿತವರ ನಾಲಿಗೆ ಎಡವೋದು ಅಲ್ಲೇ.

ಎಡವಿದಾಗ ಮನೆಯವರು ನಗುತ್ತಾರೆ. ಪ್ರೀತಿಯ ನಗುವೇ ಇರಬಹುದು, ಆದರೆ ಹದಿನೈದು ವರ್ಷದ ಹುಡುಗನಿಗೆ ಅದು ಹಾಗೆ ಕೇಳಿಸೋದಿಲ್ಲ. ಮೇಂದಲೆ ತಕ್ಕ್, ಕಿಗ್ಗಟ್ಟ್ ತಕ್ಕ್ ಅಂತ ಮಾತಿನಲ್ಲೇ ಎರಡು ಬಗೆ ಇರುವಾಗ, ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಆಡಿದರೂ ತಮಾಷೆ ಆಗುತ್ತದೆ. ಎರಡು ಸಲ ನಗೆಪಾಟಲಾದವನು ಮೂರನೇ ಸಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಆಮೇಲೆ ಅದೇ ಹಿರಿಯರು ‘ಇವನಿಗೆ ತಕ್ಕೇ ಬರಲ್ಲ’ ಅಂತ ಬೇಜಾರು ಮಾಡಿಕೊಳ್ಳುತ್ತಾರೆ!

ನಷ್ಟ ಹಾಡು ಕುಣಿತಕ್ಕೆ ಸೀಮಿತ ಅಲ್ಲ. ಮದುವೆಯಲ್ಲಿ ಸಂಬಂಧ ಕೊಡುವ ಶಾಸ್ತ್ರಕ್ಕೆ ಎರಡೂ ಕಡೆಯ ಅರುವರು ಎದುರುಬದುರು ನಿಂತು ಹೇಳುವ ಮಾತಿನಲ್ಲೇ ಹೆಣ್ಣಿಗೆ ಗಂಡನ ಮನೆಯಲ್ಲಿ ಸಿಗುವ ಹಕ್ಕಿನ ವಿಚಾರ ಇದೆ. ಆ ಹಕ್ಕು ಪಡೆಯುವ ಮದುಮಗಳಿಗೇ ಅದನ್ನು ಇನ್ನೊಬ್ಬರು ಅನುವಾದಿಸಿ ಹೇಳಬೇಕಾದ ಸ್ಥಿತಿ ಬರುತ್ತದೆ.

ಮತ್ತೆ ಜನಗಣತಿಯ ವಿಷಯ. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಗಣತಿಯ ಲೆಕ್ಕದಲ್ಲಿ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯ ಜತೆ ಆಡಿದ ಭಾಷೆ. ತಾಯಿ ಮೊದಲೇ ತೀರಿಕೊಂಡಿದ್ದರೆ ಬಾಲ್ಯದ ಮನೆಮಾತು. ಜಾತಿಯನ್ನೋ ಊರನ್ನೋ ನೋಡಿ ಬರೆಯುವುದಲ್ಲ. ಅಂದರೆ ಅಮ್ಮ ತಕ್ಕ್‌ನಲ್ಲಿ ಮಾತಾಡಿಸಿ, ತಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ಬೆಳೆದವಳ ಮಾತೃಭಾಷೆ ಕೊಡವ ತಕ್ಕ್ ಎಂದೇ ದಾಖಲಾಗಬೇಕು. ಅವಳ ಮಗುವಿನ ಕಾಲಂನಲ್ಲಿ ಬರುವುದು ಅವಳು ಆ ಮಗುವಿನ ಜತೆ ಆಡುವ ಭಾಷೆ.