ಕಡಲಹಕ್ಕಿ ದಡಕ್ಕೆ ಬಿದ್ದಿದ್ರೆ ವಾಪಸ್ ನೀರಿಗೆ ಬಿಡಬೇಡಿ

ಬುಟಿಬೋರಿಯಲ್ಲಿ ಕೂತು ಕಡಲಹಕ್ಕಿ ಬಗ್ಗೆ ಮಾತಾಡೋದು ವಿಚಿತ್ರವೇ. ಇಲ್ಲಿಂದ ಯಾವ ದಿಕ್ಕಿಗೆ ಹೋದ್ರೂ ಸಮುದ್ರ ನೂರಾರು ಕಿಲೋಮೀಟರ್ ದೂರ. ಆದ್ರೆ ಹೋದ ಮಳೆಗಾಲದಲ್ಲಿ ಈ ವಿಷಯ ನನ್ನ ಫೋನಿಗೇ ಬಂತು. ಕುಂದಾಪುರ ಕಡೆ ಇರೋ ಚಿಕ್ಕಪ್ಪನ ಮಗ ಒಂದು ಫೋಟೋ ಕಳಿಸಿದ್ದ. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಮರಳಿನ ಮೇಲೆ ರೆಕ್ಕೆ ಇಳಿಬಿಟ್ಟು ಕೂತ ಹಕ್ಕಿ. ಕೆಳಗೆ ಒಂದೇ ಸಾಲು: "ಅಣ್ಣ, ನೀರಿಗೆ ಬಿಡ್ಕಾ?"

ನಾನು ಶಿಫ್ಟಿನಲ್ಲಿದ್ದೆ. ನೋಡೋ ಹೊತ್ತಿಗೆ ಬಿಟ್ಟಾಗಿತ್ತು. ಎರಡನೇ ಅಲೆಗೆ ಹಕ್ಕಿ ಮುಳುಗಿತಂತೆ.

ಅವನ ತಪ್ಪೇನಿಲ್ಲ. ಕಡಲಹಕ್ಕಿ ಅಂದ್ರೆ ಕಡಲಲ್ಲಿ ಈಜುತ್ತೆ ಅಂತ ಯಾರಾದ್ರೂ ಅಂದುಕೊಳ್ತಾರೆ. ಅದು ಸೂಟಿ ಟರ್ನ್. ಟರ್ನ್‌ಗಳಿಗೆ ನಮ್ಮ ಪಕ್ಷಿ ಪುಸ್ತಕಗಳಲ್ಲಿ ರೀವ ಅಂತಾರೆ. ಬಾತುಕೋಳಿಯ ಹಾಗೆ ಇದರ ಗರಿ ನೀರನ್ನು ತಡೆಯೋದಿಲ್ಲ. ಸ್ವಲ್ಪ ಹೊತ್ತು ನೀರಲ್ಲಿದ್ರೆ ತೊಯ್ದು ಭಾರವಾಗುತ್ತೆ. ಹಾಗಾಗಿ ಇದು ಬದುಕೋದೇ ಗಾಳಿಯಲ್ಲಿ. ಟ್ಯೂನಾದಂಥ ದೊಡ್ಡ ಮೀನುಗಳು ಕೆಳಗಿಂದ ಅಟ್ಟಿದಾಗ ಸಣ್ಣ ಮೀನು ಮೇಲಕ್ಕೆ ಹಾರ್ತವಲ್ಲ, ಅವನ್ನು ಹಾರ್ತಾ ಹಾರ್ತಾನೇ ಕೊಕ್ಕಿನಲ್ಲಿ ಎತ್ತಿಕೊಳ್ಳುತ್ತೆ. ಗೂಡಿನಿಂದ ಹಾರಿದ ಮರಿ ಮತ್ತೆ ನೆಲ ಮುಟ್ಟೋದು ಎಷ್ಟೋ ವರ್ಷಗಳ ನಂತರ. ಮೊದಲ ಮೊಟ್ಟೆ ಇಡೋಕೆ ಆರೇಳು ವರ್ಷ ಬೇಕು, ಅದೂ ಸಲಕ್ಕೆ ಒಂದೇ. ಮೂವತ್ತು ವರ್ಷ ದಾಟಿ ಬದುಕಿದ ದಾಖಲೆ ಇದೆ. ಅಂದ್ರೆ ದೊಡ್ಡ ಹಕ್ಕಿ ಒಂದು ಸತ್ತರೆ ಆ ಜಾಗ ತುಂಬೋದು ಬಹಳ ನಿಧಾನ. ನಮಗೆ ಹತ್ತಿರದ ಗೂಡುಗಳಿರೋದು ಲಕ್ಷದ್ವೀಪದ ಪಿಟ್ಟಿಯಲ್ಲಿ, ಸುಮಾರು 1.2 ಹೆಕ್ಟೇರಿನ ಬರೀ ಮರಳು ದಿಬ್ಬ. ನಮ್ಮೂರ ಗದ್ದೆ ಇದಕ್ಕಿಂತ ದೊಡ್ಡದು!

ಹಾಗಾದ್ರೆ ದಡಕ್ಕೆ ಯಾಕೆ ಬರ್ತವೆ? ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯ ಗಾಳಿ ನೇರ ಕರಾವಳಿಗೆ ಬಡಿಯುತ್ತೆ. ಸಮುದ್ರ ಕದಡಿದಾಗ ಮೀನು ಕಾಣೋದಿಲ್ಲ, ಹಸಿವು, ಸುಸ್ತು, ಕೊನೆಗೆ ಗಾಳಿ ತಳ್ಳಿದ ಕಡೆ. ಇದೇ ತಿಂಗಳುಗಳಲ್ಲಿ ಅಂಟಾರ್ಕ್ಟಿಕಾ ಕಡೆ ಮರಿ ಮಾಡೋ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಕೂಡ ಅರಬ್ಬಿ ಸಮುದ್ರದಲ್ಲಿ ಇರುತ್ತೆ. ತೂಕ 40 ಗ್ರಾಂ ಆಸುಪಾಸು, ಗುಬ್ಬಿಗಿಂತ ಸ್ವಲ್ಪ ಹೆಚ್ಚು ಅಷ್ಟೆ.

ಇಂಥ ಹಕ್ಕಿ ಸಿಕ್ಕರೆ ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿ, ಒಳಗೆ ಹಳೇ ಟವಲ್, ಮುಚ್ಚಿ ಕತ್ತಲಲ್ಲಿ ಇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಹಾಲು ಬೇಡ, ಬ್ರೆಡ್ ಬೇಡ. ಬಾಯಿ ಬಿಡಿಸಿ ನೀರು ಹಾಕೋದಂತೂ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಹೋಗುತ್ತೆ. "ಪಾಪ, ಬಾಯಾರಿದೆ" ಅನ್ಸುತ್ತೆ, ಗೊತ್ತು. ಇವು ಉಪ್ಪುನೀರನ್ನೇ ಕುಡಿಯೋ ಹಕ್ಕಿಗಳು. ಕಣ್ಣಿನ ಮೇಲಿರೋ ಗ್ರಂಥಿ ಹೆಚ್ಚಿನ ಉಪ್ಪನ್ನು ಸೋಸಿ ಮೂಗಿನಿಂದ ಹೊರಗೆ ಹಾಕುತ್ತೆ. ಕೊಕ್ಕಿನ ತುದಿಯಲ್ಲಿ ಹನಿ ತೊಟ್ಟಿಕ್ಕಿದ್ರೆ ನೆಗಡಿ ಅಂದ್ಕೋಬೇಡಿ. ಎತ್ತುವಾಗ ಕೈಗೆ ಗ್ಲೌಸ್ ಇರ್ಲಿ, ಮುಖ ದೂರ ಇಟ್ಕೊಳ್ಳಿ, ಆಮೇಲೆ ಸೋಪಿನಲ್ಲಿ ಕೈ ತೊಳೀರಿ.

ನಮ್ಮ ನಾಗಪುರ ಕಡೆಯ ವೀಕ್ಷಕರಿಗೆ ಒಂದು ಮಾತು. ಇಲ್ಲಿನ ಕೆರೆ, ಅಣೆಕಟ್ಟುಗಳ ಮೇಲೆ ಉದ್ದ ರೆಕ್ಕೆಯ, ಹಳದಿ ಕೊಕ್ಕಿನ ಬಿಳಿ ಹಕ್ಕಿ ನೋಡಿರ್ತೀರಿ. ಅದೂ ಟರ್ನೇ, ಆದ್ರೆ ಸಿಹಿನೀರಿನ ರಿವರ್ ಟರ್ನ್. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ಗುಂಪಾಗಿ ಮೊಟ್ಟೆ ಇಡೋದೂ ಇದೇ. ಅದು ದಾರಿ ತಪ್ಪಿ ಬಂದಿಲ್ಲ, ಅದರ ಮನೇಲೇ ಇದೆ. ದಂಡೆಯಲ್ಲಿ ಸುಮ್ನೆ ಕೂತಿದ್ರೆ ಹಿಡಿಯೋಕೆ ಹೋಗಬೇಡಿ.

ನನ್ನ ತಮ್ಮ ಈಗ ಅಂಗಡಿ ಹಿಂದೆ ಒಂದು ಖಾಲಿ ಡಬ್ಬಿ ಇಟ್ಟಿದ್ದಾನೆ. ಈ ಜುಲೈನಲ್ಲಿ ಒಂದು ಸಲ ಬಳಕೆಗೆ ಬಂತು. ಮೂರನೇ ದಿನ ಮಳೆ ಬಿಟ್ಟಾಗ ಇಲಾಖೆಯವರೇ ಬಂದು ದಡದಿಂದ ಗಾಳಿಗೆ ಎದುರಾಗಿ ಹಾರಿಸಿದ್ರಂತೆ. ವಿಡಿಯೋ ಕಳಿಸಿದ್ದ, ಕೈ ನಡುಗಿ ಬರೀ ಆಕಾಶ ಬಂದಿದೆ.