ಹಲಾಲ್ ಹೌದು, ತಯ್ಯಿಬ್ ಹೌದಾ?

ಮಾಂಸ ತಿನ್ನುವುದರ ಬಗ್ಗೆ ಈಗ ಎಲ್ಲ ಕಡೆ ಚರ್ಚೆ ಉಂಟು. ಪ್ರಾಣಿಹಿಂಸೆ ಅಂತ ಕೆಲವರು, ಕಡಿಮೆ ಮಾಡಿ ಅಂತ ಡಾಕ್ಟರು, ಪರಿಸರ ಹಾಳಾಗ್ತದೆ ಅಂತ ಕಾಲೇಜಿಗೆ ಹೋಗುವ ನಮ್ಮ ಮಕ್ಕಳೇ ಮನೆಯಲ್ಲಿ ವಾದ ಮಾಡ್ತಾರೆ. ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಮಾಡಲು ಯಾರಿಗೂ ಹಕ್ಕಿಲ್ಲ ಎಂದು ನಾವು ಉತ್ತರ ಕೊಡುತ್ತೇವೆ. ಸರಿಯೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತು ಹೇಳಿದ ಹಾಗೆ. ಅಲ್‌ಬಕರ ಅಧ್ಯಾಯದ 168ನೇ ಸೂಕ್ತದಲ್ಲಿ ಹಲಾಲ್ ಪದದ ಜೊತೆಗೇ ತಯ್ಯಿಬ್ ಅಂತ ಇನ್ನೊಂದು ಪದ ಉಂಟು. ಶುದ್ಧವಾದದ್ದು, ಒಳ್ಳೆಯದು ಎಂದು ಅರ್ಥ.

ಕೋಳಿ ಅಂಗಡಿಯಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ, ಬಿಸ್ಮಿ ಹೇಳಿದ್ದಾರಾ ಅಂತ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ಕೊಯ್ಯುವಾಗ ಬಿಸ್ಮಿ ಹೇಳುವುದು ಸುನ್ನತ್. ಕತ್ತಿ ಹರಿತವಾಗಿರಬೇಕು ಎನ್ನುವುದೂ ಸುನ್ನತೇ. ಪ್ರವಾದಿ(ಸ) ಅದನ್ನು ಆಜ್ಞಾಪಿಸಿದ ಹದೀಸ್ ಸ್ವಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಯ್ಯುವುದು ಕರಾಹತ್ ಎಂದು ಕಿತಾಬ್‌ಗಳು ಹೇಳುತ್ತವೆ. ಈಗ ಅಂಗಡಿಯನ್ನೊಮ್ಮೆ ನೋಡಿ. ಕೊಯ್ಯುವುದು ಪಂಜರದ ಎದುರಿಗೇ, ಅದೂ ಬೆಳಗ್ಗಿನಿಂದ ಮಸೆಯದ ಕತ್ತಿಯಲ್ಲಿ. ಕೋಳಿಯ ಜೀವ ಹೋಗುವ ಮೊದಲೇ ಡ್ರಮ್ಮಿಗೆ ಎಸೆತ. ಒಂದು ಸುನ್ನತನ್ನು ವಿಚಾರಿಸುವ ನಾವು ಇನ್ನೊಂದನ್ನು ಯಾಕೆ ವಿಚಾರಿಸುವುದಿಲ್ಲ? ಪಂಜರಕ್ಕೆ ಒಂದು ಪರದೆ ಕಟ್ಟಲು ಎಷ್ಟು ಖರ್ಚಾದೀತು? ಅಂಗಡಿಯವನೂ ಹೆಚ್ಚಾಗಿ ಮದ್ರಸದಲ್ಲಿ ಕಲಿತವನೇ, ಹೇಳಿದರೆ ಕೇಳ್ತಾನೆ.

ಪ್ರಾಣಿ ಎಂತ ತಿಂದಿತ್ತು ಎನ್ನುವುದೂ ಫಿಕ್‌ಹ್‌ನ ವಿಷಯವೇ. ಹೊಲಸು ತಿಂದು ಬೆಳೆದ ಪ್ರಾಣಿಗೆ ಜಲ್ಲಾಲ ಎನ್ನುತ್ತಾರೆ. ಅದರ ಮಾಂಸ ವಾಸನೆ ಬಂದರೆ ತಿನ್ನುವುದು ಕರಾಹತ್. ಶುದ್ಧ ಮೇವು ಕೊಟ್ಟು ವಾಸನೆ ಹೋದರೆ ಅಡ್ಡಿಯಿಲ್ಲ. ಇಬ್ನ್ ಉಮರ್(ರ) ಅಂಥ ಕೋಳಿಯನ್ನು ಮೂರು ದಿನ ಕೂಡಿಹಾಕುತ್ತಿದ್ದರಂತೆ. ಇಂದಿನ ಬ್ರಾಯ್ಲರ್ ಜಲ್ಲಾಲ ಅಂತ ನಾವು ಹೇಳುತ್ತಿಲ್ಲ. ಆದರೆ ಬೇರೆ ಮದ್ದು ನಾಟದಾಗ ರೋಗಿಗೆ ಕೊನೆಯದಾಗಿ ಕೊಡುವ ಕೋಲಿಸ್ಟಿನ್ ಎಂಬ ಆ್ಯಂಟಿಬಯೋಟಿಕನ್ನು ಕೋಳಿ ಸಾಕಣೆಯಲ್ಲಿ ಬಳಸಬಾರದೆಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧ ಹಾಕಬೇಕಾಯಿತು. ಮೇವಿನ ಬಗ್ಗೆ ಇಮಾಮರು ಅಷ್ಟು ಬರೆದದ್ದು ಸುಮ್ಮನೆ ಅಲ್ಲ.

ಇನ್ನು ಪ್ರಮಾಣ. ಮಾಂಸಕ್ಕೂ ಮದ್ಯದಂತೆ ಚಟ ಹಿಡಿಸುವ ಗುಣ ಉಂಟೆಂದು ಉಮರ್(ರ) ಎಚ್ಚರಿಸಿದ್ದು ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ಪ್ರವಾದಿ(ಸ)ರ ಮನೆಯಲ್ಲಿ ತಿಂಗಳುಗಟ್ಟಲೆ ಒಲೆ ಉರಿಯದೆ ಖರ್ಜೂರ, ನೀರಿನಲ್ಲೇ ದಿನ ಕಳೆದದ್ದನ್ನು ಆಯಿಶಾ(ರ) ಹೇಳಿದ್ದಾರೆ. ನಮ್ಮಲ್ಲಿ ವಾರದಲ್ಲಿ ಎರಡು ದಿನ ಇರ್ಚಿ ಇಲ್ಲದಿದ್ದರೆ ಮಕ್ಕಳು ಬಟ್ಟಲು ದೂಡುತ್ತಾರೆ! ಆಡು, ದನದಂಥ ಕೆಂಪು ಮಾಂಸ ತಿನ್ನುವವರು ವಾರಕ್ಕೆ ಬೇಯಿಸಿದ್ದು 350ರಿಂದ 500 ಗ್ರಾಂ ಮೀರಬಾರದೆನ್ನುವುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ಸಾಸೇಜ್‌ನಂಥ ಸಂಸ್ಕರಿತ ಮಾಂಸ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ.

ಪರಿಸರದ ಮಾತೂ ಸುಳ್ಳಲ್ಲ. ಮನುಷ್ಯರಿಂದಾಗುವ ಹಸಿರುಮನೆ ಅನಿಲದಲ್ಲಿ ಜಾನುವಾರು ಸಾಕಣೆಯ ಪಾಲು ಶೇ. 14.5 ಎಂದು ವಿಶ್ವಸಂಸ್ಥೆಯ ಆಹಾರ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತ್ತು. ಹಾಗೆಂದು ಉದ್ಹಿಯ್ಯತ್ ಬಿಡಿ ಎನ್ನುವವರ ಜೊತೆ ನಾವಿಲ್ಲ. ಅದು ಸುನ್ನತ್, ಬಡವರ ಮನೆಗೆ ತಲುಪುವ ಮಾಂಸ. ನಮ್ಮ ತಕರಾರು ಮದುವೆ ಹಾಲಿನ ಹಿಂದೆ ಹೊಂಡಕ್ಕೆ ಸುರಿಯುವ ಬಿರಿಯಾನಿಯ ಬಗ್ಗೆ. ಮಟನ್, ಚಿಕನ್, ಕಬಾಬ್, ಮತ್ತೊಂದು ಫ್ರೈ. ಸಾಲ ಮಾಡಿ ಬಡಿಸುವ ತಂದೆಗೂ ಇದು ಬೇಡ, ಶುಗರ್ ಇರುವ ನೆಂಟರಿಗೂ ಬೇಡ. ಮದುವೆ ಮಾತುಕತೆಗೆ ಕೂತ ದಿನವೇ ಎರಡು ಮನೆಯವರು ಒಂದು ಮಾಂಸದ ಪದಾರ್ಥ ಸಾಕು ಅಂತ ತೀರ್ಮಾನಿಸಲಿ. ಗಂಡಿನ ಕಡೆಯವರು ಮೊದಲು ಬಾಯಿ ಬಿಟ್ಟರೆ ಹೆಣ್ಣಿನ ಕಡೆಯವರಿಗೆ ಒಪ್ಪುವುದು ಸುಲಭ.