ಬ್ರೇಕ್ ಚೀರಿದರೆ ಬೈಯಬೇಡಿ, ಕಿವಿಗೊಡಿ!

ಬೀದರಿನ ಗಾಂಧಿಗಂಜಿನ ಕಡೆ ಬೆಳಗಿನ ಹೊತ್ತು ಹೋದವರಿಗೆ ಈ ಸಂಗೀತ ಹೊಸದಲ್ಲ. ಭಾಲ್ಕಿ ಕಡೆಯಿಂದ, ಔರಾದ ಕಡೆಯಿಂದ ಕಾಳುಕಡಿ, ಕಾಯಿಪಲ್ಲೆ ಹೇರಿಕೊಂಡು ಬರುವ ಹಳೆಯ ಪಿಕಪ್ ಗಾಡಿಗಳು ತಿರುವಿನಲ್ಲಿ ಬ್ರೇಕ್ ಹಿಡಿದರೆ ಸಾಕು, ಮುಂದಿನ ಗಾಲಿ ‘ಕೀಂ...’ ಎಂದು ಕಿರುಚುತ್ತದೆ. ಕೆಲವು ‘ಗರ್ ಗರ್’ ಎನ್ನುತ್ತವೆ. ಇನ್ನು ಕೆಲವು ಸದ್ದೇ ಮಾಡುವುದಿಲ್ಲ, ಸ್ಟೀರಿಂಗ್ ಮಾತ್ರ ಚಳಿಜ್ವರ ಬಂದವರ ಕೈಯಂತೆ ನಡುಗುತ್ತದೆ. ಯಾಕೆಂದು ಕೇಳಿ ನೋಡಿ. “ಗಾಡಿ ಹಳೇದಾಗ್ಯಾದ್ರೀ, ಚೀರತದ. ಬ್ರೇಕ್ ಅಂತೂ ಹತ್ತತದಲ್ಲ!” ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಹತ್ತುತ್ತದೆ, ನಿಜ. ಹತ್ತದೇ ಇರುವ ದಿನದವರೆಗೆ ಹತ್ತುತ್ತದೆ.

ಇದು ಬರೀ ಡ್ರೈವರ್ ಮತ್ತು ಮಿಸ್ತ್ರಿಗಳ ನಡುವಿನ ಮಾತಲ್ಲ. ಅಂಗಡಿ ಇಟ್ಟವರ ಮಾಲು ಬರುವುದು ಈ ಗಾಡಿಗಳಲ್ಲಿ. ಬಸ್ಸಿನಲ್ಲಿ ಓಡಾಡುವವರ ಎದುರಿಗೆ ಬರುವುದೂ ಇವೇ ಗಾಡಿಗಳು. ಬಸ್ ತಪ್ಪಿದ ದಿನ ಹಿಂದಿನ ಡಾಲಾದಲ್ಲಿ ನಿಂತು ಹೋಗುವವರೂ ಉಂಟು. ಕಾನೂನು ಅದನ್ನು ಒಪ್ಪುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ನಿಲ್ಲುತ್ತಾರೆ. ಆಗ ಅವರೆಲ್ಲರ ಜೀವ ಆ ಎರಡು ಮುಂದಿನ ಗಾಲಿಗಳ ಕೈಯಲ್ಲಿ.

ಭಾರವೆಲ್ಲ ಮುಂದಕ್ಕೆ

ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಹೆಚ್ಚಿನ ದುಡಿಮೆ ಮುಂದಿನ ಬ್ರೇಕಿನದೇ. ನಮ್ಮ ರಸ್ತೆಗಳಲ್ಲಿ ಕಾಣುವ ಬೊಲೆರೊ ಪಿಕಪ್, ಟಾಟಾ 207ರಂಥ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ತೀರಾ ಹಳೆಯ ಜೀಪ್ ಜಾತಿಯವಕ್ಕೆ ನಾಲ್ಕೂ ಡ್ರಮ್.

ಬ್ರೇಕ್ ಎಂದರೆ ಓಟವನ್ನು ಬಿಸಿಯಾಗಿ ಮಾರ್ಪಡಿಸುವ ಯಂತ್ರ. ಹೇರು ಎರಡು ಪಟ್ಟಾದರೆ ಬಿಸಿಯೂ ಎರಡು ಪಟ್ಟು. ಆದರೆ ಓಟ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು! ಗಂಟೆಗೆ 40 ಕಿ.ಮೀ. ಬದಲು 60ರಲ್ಲಿ ಹೋಗಿ ನಿಲ್ಲಿಸಿದರೂ ಎರಡೂಕಾಲು ಪಟ್ಟು ಬಿಸಿ ಹುಟ್ಟುತ್ತದೆ. ಬೀದರ್ ಊರು ಕೂತಿರುವುದು ಕೆಂಪು ಮುರುಮಿನ ಎತ್ತರದ ಮೇಲೆ. ಔರಾದ ದಾರಿ ಹಿಡಿದರೆ ಮಾಂಜ್ರಾ ನದಿಯ ಕಡೆಗೆ ಇಳಿಯಲೇಬೇಕು. ಭಾಲ್ಕಿ, ಔರಾದ ಸೀಮೆಗೆ ಹೋದರೆ ಎರೆಮಣ್ಣು. ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕರಿ ರಾಡಿ. ಎರಡೂ ಬ್ರೇಕಿನ ಒಳಹೊಕ್ಕು ಕೂರುತ್ತವೆ.

ಯಾವ ಸದ್ದು, ಯಾವ ರೋಗ?

ಡಾಕ್ಟರು ಕೆಮ್ಮಿನಲ್ಲೇ ನಾಲ್ಕು ಬಗೆ ಗುರುತಿಸುವುದಿಲ್ಲವೇ? ಇಲ್ಲಿಯೂ ಹಾಗೇ.

ಮಳೆಯಲ್ಲಿ ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ನಾಲ್ಕಾರು ಸಲ ಬ್ರೇಕ್ ಹಿಡಿಯುವವರೆಗೆ ‘ಸರ್ ಸರ್’ ಎಂದರೆ ಹೆದರಬೇಡಿ. ಡಿಸ್ಕಿನ ಮೇಲೆ ಹಿಡಿದ ತುಕ್ಕು ಅದು, ಉಜ್ಜಿ ಹೋಗುತ್ತದೆ.

ಬ್ರೇಕ್ ಹಿಡಿದಾಗಲೆಲ್ಲ ಸಣ್ಣ ದನಿಯ ‘ಕೀಂ’ ಬಂದರೆ ಪ್ಯಾಡ್ ಸವೆದಿರಬಹುದು, ಇಲ್ಲವೇ ಬಿಸಿಗೆ ಗಾಜಿನಂತೆ ನುಣುಪಾಗಿರಬಹುದು. ಕೆಲವು ಪ್ಯಾಡುಗಳಿಗೆ ಎಚ್ಚರಿಸಲೆಂದೇ ಒಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಕೂಗುವುದೇ ಅದರ ನೌಕರಿ! ಸದ್ದು ಬೇಸರವೆಂದು ಆ ನಾಲಿಗೆಯನ್ನೇ ಬಗ್ಗಿಸಿಬಿಡುವುದು ಕಾವಲು ನಾಯಿಯ ಬಾಯಿ ಕಟ್ಟಿದಂತೆ.

‘ಗರ್ ಗರ್’ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದರೆ ಪ್ಯಾಡಿನ ಮಸಾಲೆ ಮುಗಿದು ಹಿಂದಿನ ತಗಡು ಡಿಸ್ಕನ್ನು ಕೊರೆಯುತ್ತಿರಬಹುದು. ಅಲ್ಲಿಗೆ ಗಾಡಿ ನಿಲ್ಲಿಸಬೇಕು. ‘ಈ ಟ್ರಿಪ್ ಮುಗಿಸಿ ನೋಡೋಣ’ ಎಂದವರಿಗೆ ಪ್ಯಾಡಿನ ಖರ್ಚಿನ ಮೇಲೆ ಡಿಸ್ಕಿನ ಖರ್ಚು.

ಬ್ರೇಕ್ ಹಿಡಿಯದಿದ್ದರೂ ಒಂದೇ ಸಮನೆ ಚೀರುತ್ತದೆಯೇ? ಡಿಸ್ಕಿಗೂ ಅದರ ಹಿಂದಿನ ಧೂಳು ತಡೆಯುವ ತಗಡಿಗೂ ನಡುವೆ ಕಡಿ ಕಲ್ಲು ಸಿಕ್ಕಿರಬಹುದು. ಕಡಿ ಹಾಕಿದ ರಸ್ತೆಯಲ್ಲಿ ಓಡಿದ ಗಾಡಿಗೆ ಇದು ಸಾಮಾನ್ಯ. ಕಲ್ಲು ತೆಗೆದರೆ ರೋಗ ಮಾಯ, ಪ್ಯಾಡ್ ಬದಲಿಸುವ ಮಾತೇ ಇಲ್ಲ.

ಕೆಟ್ಟ ರಸ್ತೆಯಲ್ಲಿ ‘ಖಡ ಖಡ’ ಎನ್ನುವುದು ಬ್ರೇಕಿಗೆ ಕಾಲು ತಾಗಿಸಿದ ಕೂಡಲೇ ನಿಂತರೆ, ಪ್ಯಾಡಿನ ಕ್ಲಿಪ್ಪೋ ಕ್ಯಾಲಿಪರ್ ಬೋಲ್ಟೋ ಸಡಿಲ. ಓಟ ಹೆಚ್ಚಿದಂತೆ ‘ಗುಂಯ್’ ಎಂದು ಏರುತ್ತ, ಸ್ಟೀರಿಂಗ್ ಎಡಬಲ ತಿರುಗಿಸಿದಾಗ ದನಿ ಬದಲಾದರೆ ಸಂಶಯ ಬೇರಿಂಗಿನ ಮೇಲೆ. ಅಂಥ ಗಾಡಿಗೆ ಹತ್ತು ಸಲ ಪ್ಯಾಡ್ ಬದಲಿಸಿದರೂ ಗುಂಯ್‌ಗುಟ್ಟುವುದು ತಪ್ಪದು.

ನಡುಕದ ಮೂಲ

ನಡುಕಕ್ಕೆ ಮೊದಲ ಪ್ರಶ್ನೆ ಒಂದೇ: ಬ್ರೇಕ್ ಹಿಡಿದಾಗ ಮಾತ್ರವೋ, ಯಾವಾಗಲೂ ಇದೆಯೋ? ಬ್ರೇಕ್ ಹಿಡಿಯದೆಯೂ ನಡುಗಿದರೆ ಟೈರು, ಗಾಲಿಯ ತೂಕ, ಬೇರಿಂಗ್ ನೋಡಿ. ಹಿಡಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಸ್ಟೀರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನ ಡ್ರಮ್ ದುಂಡಗೆ ಉಳಿದಿಲ್ಲ ಎನ್ನಬಹುದು.

‘ಡಿಸ್ಕ್ ಡೊಂಕಾಗ್ಯಾದ’ ಎಂದು ಎಲ್ಲರೂ ಹೇಳುತ್ತಾರೆ. ಬಹಳ ಸಲ ಅದು ಡೊಂಕಾಗಿರುವುದಿಲ್ಲ. ಒಂದು ಕಡೆ ಕೂದಲೆಳೆಗಿಂತ ಕಡಿಮೆ ದಪ್ಪ, ಇನ್ನೊಂದು ಕಡೆ ತೆಳು ಆಗಿರುತ್ತದೆ. ಅಷ್ಟೇ ಸಾಕು, ಪೆಡಲ್ ಕಾಲಿಗೆ ಒದೆಯುತ್ತದೆ. ಇದಾಗುವುದು ಹೇಗೆ? ಹಬ್ಬಿಗೂ ಡಿಸ್ಕಿಗೂ ನಡುವೆ ತುಕ್ಕು, ಮಣ್ಣು ಉಳಿಸಿ ಹಾಗೇ ಕೂಡಿಸುವುದರಿಂದ. ಗಾಲಿಯ ನಟ್ಟುಗಳನ್ನು ಒಂದು ಬಿಗಿ, ಒಂದು ಸಡಿಲ ಮಾಡುವುದರಿಂದ. ಇಳಿಜಾರು ಇಳಿದು ಕಾದು ಕೆಂಡವಾದ ಗಾಲಿಗೆ ಸರ್ವೀಸಿಂಗಿನಲ್ಲಿ ತಣ್ಣೀರು ಹೊಡೆಸುವುದರಿಂದಲೂ. ಮೂಲ ಬಿಟ್ಟು ಹೊಸ ಡಿಸ್ಕ್ ಹಾಕಿದರೆ ಕೆಲವೇ ದಿನಗಳಲ್ಲಿ ನಡುಕ ಮರಳಿ ಬರುತ್ತದೆ. ಬೈಗುಳ ಮಾತ್ರ ಸಾಮಾನು ಮಾರಿದ ಅಂಗಡಿಯವನಿಗೆ!

ಬಿಚ್ಚುವ ಮೊದಲು

ಹಾಗಾದರೆ ಪರೀಕ್ಷೆ ಹೇಗೆ? ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದು ನೋಡಿ. ಗಾಡಿ ಒಂದು ಬದಿಗೆ ಎಳೆಯುತ್ತದೆಯೇ? ನಿಲ್ಲಿಸಿ, ಅಂಗೈ ಹಿಂಭಾಗವನ್ನು ಎರಡೂ ಮುಂದಿನ ಗಾಲಿಗಳ ಹತ್ತಿರ ಹಿಡಿಯಿರಿ, ಮುಟ್ಟಬೇಡಿ. ಒಂದು ತಣ್ಣಗಿದ್ದು ಇನ್ನೊಂದು ಕಾದಿದ್ದರೆ, ಕಾದದ್ದರ ಪಿಸ್ಟನ್ನೋ ಕ್ಯಾಲಿಪರ್ ಜಾರುವ ಪಿನ್ನೋ ಹಿಡಿದುಕೊಂಡು ಬ್ರೇಕ್ ಬಿಡದೆ ಇರಬಹುದು, ಇಲ್ಲವೇ ತಣ್ಣಗಿರುವುದು ಕೆಲಸವನ್ನೇ ಮಾಡುತ್ತಿಲ್ಲದಿರಬಹುದು. ಹಳೆಯ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡು ಎಣ್ಣೆ ಹಿಂದಕ್ಕೆ ಬರದಂತೆ ತಡೆಯುವುದೂ ಉಂಟು.

ಆಮೇಲೆ ಸಮ ನೆಲದಲ್ಲಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟು ಜಾಕ್ ಏರಿಸಿ, ಸ್ಟ್ಯಾಂಡಿನ ಮೇಲೆ ಕೂಡಿಸಿ. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಎಡ-ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್. ಖರ್ಚು ಏನೂ ಇಲ್ಲ, ಬೇಕಾದದ್ದು ಹತ್ತು ನಿಮಿಷ.

ಗಾಲಿ ಬಿಚ್ಚಿದ ಮೇಲೆ ಪ್ಯಾಡ್ ಎರಡೂ ಬದಿ ನೋಡಬೇಕು. ಹೊರಗಿನದು ದಪ್ಪ, ಒಳಗಿನದು ತೆಳು ಇದ್ದರೆ ಪಿನ್ ಜಾರುತ್ತಿಲ್ಲ. ಮಸಾಲೆ 3 ಮಿ.ಮೀ. ಹತ್ತಿರ ಬಂದರೆ ಬದಲಿಸಿ, ಅದೂ ಎರಡೂ ಗಾಲಿಗೆ ಒಟ್ಟಿಗೇ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಎಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ಅದಕ್ಕಿಂತ ಕಡಿಮೆಯಾದದ್ದನ್ನು ಲೇತಿಗೆ ಹಾಕಿ ಇನ್ನಷ್ಟು ತೆಳ್ಳಗೆ ಮಾಡಬಾರದು. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಪುಪ್ಪುಸಕ್ಕೆ ಕೆಟ್ಟದ್ದು. ಸದ್ದು ನಿಲ್ಲಲೆಂದು ಪ್ಯಾಡಿಗೆ ಎಣ್ಣೆ ಹಚ್ಚಿದವರು ಸದ್ದಿನ ಜೊತೆಗೆ ಬ್ರೇಕನ್ನೂ ಕಳೆದುಕೊಳ್ಳುತ್ತಾರೆ.

ಹಿಂದಿನ ಗಾಲಿಯನ್ನು ಮರೆಯಬೇಡಿ. ಹಿಂದಿನ ಡ್ರಮ್ ಸರಿಯಾಗಿ ಹಿಡಿಯದಿದ್ದರೆ ಅದರ ಪಾಲಿನ ಕೆಲಸವೂ ಮುಂದಿನದರ ತಲೆಗೆ. ಮುಂದಿನ ಪ್ಯಾಡ್ ಪದೇ ಪದೇ ಸುಡುವ ಗಾಡಿಯ ರೋಗ ಹಿಂದೆ ಇರಬಹುದು. ಬ್ರೇಕ್ ಎಣ್ಣೆ ಗಾಳಿಯಲ್ಲಿನ ನೀರನ್ನು ಹೀರುತ್ತದೆ. ನೀರು ಸೇರಿದ ಎಣ್ಣೆ ಇಳಿಜಾರಿನಲ್ಲಿ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಳಿಯುವಾಗ ಗೇರಿನಲ್ಲೇ ಇಳಿಸಿ, ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಬೇಡಿ.

ಎಫ್.ಸಿ. ಇದೆಯಲ್ಲ!

ಎಂಟು ವರ್ಷ ದಾಟಿದ ಸಾರಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು. ನಂಬರ್ ಕೆಎ-38 ಇರಲಿ, ಕೆಎ-39 ಇರಲಿ, ನಿಯಮ ಒಂದೇ. ಆದರೆ ಎಫ್.ಸಿ. ಆ ಒಂದು ದಿನದ ಪರೀಕ್ಷೆ. ಉಳಿದ 364 ದಿನ ಪರೀಕ್ಷೆ ಮಾಡಬೇಕಾದವರು ಓಡಿಸುವವರು ಮತ್ತು ಮಾಲೀಕರು.

ಅಂಗಡಿಯವರಿಗೂ ಒಂದು ಮಾತು. ಬಾಡಿಗೆಯಲ್ಲಿ ನೂರು ರೂಪಾಯಿ ಚೌಕಾಶಿ ಮಾಡುವಾಗ ‘ಬ್ರೇಕ್ ಹ್ಯಾಂಗ ಅದಾವು?’ ಎಂದೂ ಕೇಳಿ. ಸುಗ್ಗಿಯಲ್ಲಿ ಸೋಯಾ, ತೊಗರಿ ಬಂದಾಗ ‘ಇನ್ನೆರಡು ಚೀಲ ಹಾಕ್ರಿ’ ಎನ್ನುವವರೂ ನೀವೇ. ಆ ಎರಡು ಚೀಲದ ಬಿಸಿಯನ್ನು ಹೊರುವುದು ಮುಂದಿನ ಪ್ಯಾಡು.

ಚೀರುತ್ತಿದ್ದ ಗಾಡಿ ತಾನಾಗಿಯೇ ಸುಮ್ಮನಾಯಿತೇ? ಸಂತೋಷಪಡಬೇಡಿ, ಗಾಲಿ ಬಿಚ್ಚಿ ನೋಡಿ. ಕೂಗಿ ಹೇಳಬೇಕಾದ ನಾಲಿಗೆಯೇ ಮುರಿದು ಬಿದ್ದಿರಬಹುದು.